ಅಪಾರ್ಟ್‌ಮೆಂಟ್ ಲಾನ್‌ಗೆ ಪೆಟ್ರೋಲ್ ಮಷಿನ್ನೋ ಬ್ಯಾಟರಿದೋ? "ಕರೆಂಟೂ ಕಲ್ಲಿದ್ದಲಿಂದಾನೇ ಬರೋದು" ಅಂತಿದಾರೆ

ಕನಕಪುರರೋಡ್_ಕಮಿಟಿ

ಎಲ್ರಿಗೂ ನಮಸ್ಕಾರ. ನಮ್ದು ಬೆಂಗಳೂರು ಕನಕಪುರ ರೋಡಲ್ಲಿ 48 ಮನೆ ಇರೋ ಸಣ್ಣ ಅಪಾರ್ಟ್‌ಮೆಂಟು, ಮಧ್ಯದಲ್ಲಿ ಸುಮಾರು 4000 ಚದರಡಿ ಲಾನ್ ಇದೆ, ಅರ್ಧ ಮೆಕ್ಸಿಕನ್ ಗ್ರಾಸು, ಇನ್ನರ್ಧ ಏನೇನೋ ತಾನಾಗೇ ಬೆಳ್ಕೊಂಡಿರೋ ಹುಲ್ಲು. ಏಳು ವರ್ಷದ ಪೆಟ್ರೋಲ್ ಮೂವರ್ (ಹುಲ್ಲು ಕತ್ತರಿಸೋ ಮಷಿನ್) ಇತ್ತು, ಹೋದ ತಿಂಗಳಿಂದ ಸ್ಟಾರ್ಟೇ ಆಗ್ತಿಲ್ಲ, ಹಗ್ಗ ಎಳೆದೂ ಎಳೆದೂ ನಮ್ಮ ಮಾಲಿ ಅಣ್ಣನ ಭುಜ ಹಿಡ್ಕೊಂಡಿದೆ. ಈಗ ಎಲ್ಲಾನೂ ಹೆಗಲಿಗೆ ಹಾಕ್ಕೊಂಡು ಹೊಡಿಯೋ ಟೂ ಸ್ಟ್ರೋಕ್ ಪೆಟ್ರೋಲ್ ಬ್ರಷ್ ಕಟರಲ್ಲೇ ಹೊಡೀತಿದಾರೆ. ಶನಿವಾರ ಬೆಳಗ್ಗೆ ಏಳಕ್ಕೆ ಅದು ಶುರುವಾದ್ರೆ ಗ್ರೌಂಡ್ ಫ್ಲೋರ್ ಮನೆಯವರೆಲ್ಲ ಕಿಟಕಿ ಮುಚ್ಕೋತಾರೆ, ಆಮೇಲೆ ವಾಟ್ಸಾಪ್ ಗ್ರೂಪಲ್ಲಿ ಕಂಪ್ಲೇಂಟು.

ಎರಡು ಕೊಟೇಷನ್ ಬಂದಿದೆ. ಪೆಟ್ರೋಲ್ ಮೂವರ್ 32 ಸಾವಿರ, ಬ್ಯಾಟರಿದು ಎರಡು ಬ್ಯಾಟರಿ ಚಾರ್ಜರ್ ಸೇರಿ 46 ಸಾವಿರ. ನಾನು ಬ್ಯಾಟರಿದು ತಗೊಳ್ಳೋಣ ಅಂದೆ. ಮೀಟಿಂಗಲ್ಲಿ ಒಬ್ರು ಹಿರಿಯರು ಎದ್ದು "ಇಲ್ಲಿನ ಹೊಗೇನ ರಾಯಚೂರಿಗೆ ಕಳಿಸ್ದಂಗೆ ಅಷ್ಟೇ ಕಣಪ್ಪ, ಕರೆಂಟ್ ಅಲ್ಲಿ ಕಲ್ಲಿದ್ದಲು ಸುಟ್ಟೇ ಮಾಡೋದು, ಅದಕ್ಕೆ 14 ಸಾವಿರ ಜಾಸ್ತಿ ಯಾಕೆ ಕೊಡ್ಬೇಕು" ಅಂದ್ರು. ನನಗೆ ಉತ್ತರ ಕೊಡಕ್ಕಾಗ್ಲಿಲ್ಲ. ಅವರು ಹೇಳಿದ್ದು ನಿಜಾನಾ? ಬರೋ ಭಾನುವಾರ ಮತ್ತೆ ಮೀಟಿಂಗ್ ಇದೆ, ಅಷ್ಟರಲ್ಲಿ ಗೊತ್ತಿರೋರು ಸ್ವಲ್ಪ ಹೇಳಿ.

ಸಬ್‌ಸ್ಟೇಷನ್_ಮೇಷ್ಟ್ರು

ಸರ್, ಆ ಹಿರಿಯರ ಪ್ರಶ್ನೆ ಸರಿಯಾಗೇ ಇದೆ, ಆದ್ರೆ ಲೆಕ್ಕ ಹಾಕಿ ನೋಡ್ಬೇಕು.

4000 ಚದರಡಿ ಅಂದ್ರೆ ಸುಮಾರು 370 ಚದರ ಮೀಟರ್. ಪೆಟ್ರೋಲ್ ಮೂವರಲ್ಲಿ ಒಂದು ಗಂಟೆ ಕೆಲಸ, ಮುಕ್ಕಾಲು ಲೀಟರ್ ಕುಡಿಯುತ್ತೆ ಅಂದ್ಕೊಳ್ಳಿ. ಒಂದು ಲೀಟರ್ ಪೆಟ್ರೋಲ್ ಸುಟ್ರೆ 2.3 ಕೆಜಿ ಕಾರ್ಬನ್ ಡೈಆಕ್ಸೈಡ್, ಅಲ್ಲಿಗೆ ಒಂದ್ ಸಲ ಹುಲ್ಲು ಹೊಡೆದ್ರೆ 1.7 ಕೆಜಿ. ಅದೇ ಲಾನ್ ಬ್ಯಾಟರಿ ಮೂವರಲ್ಲಿ ಹೊಡೆದ್ರೆ ಚಾರ್ಜರಲ್ಲಿ ಬಿಸಿಯಾಗಿ ಹೋಗೋದೂ ಸೇರಿ ಅರ್ಧ ಯೂನಿಟ್ ಸಾಕು. ಆ ಅರ್ಧ ಯೂನಿಟ್ಟೂ ಪೂರ್ತಿ ಕಲ್ಲಿದ್ದಲಿಂದಾನೇ ಬಂತು ಅಂತಾನೇ ಇಟ್ಕೊಳ್ಳಿ, ಯೂನಿಟ್ಟಿಗೆ ಹತ್ರತ್ರ ಒಂದು ಕೆಜಿ, ಅಂದ್ರೆ ಅರ್ಧ ಕೆಜಿ ಆಯ್ತು. ತೀರಾ ಕೆಟ್ಟ ಲೆಕ್ಕ ಹಿಡಿದ್ರೂ ಮೂರನೇ ಒಂದು ಭಾಗ ಅಷ್ಟೇ. ಯಾಕಂದ್ರೆ ಇಷ್ಟು ಚಿಕ್ಕ ಎಂಜಿನ್ ಪೆಟ್ರೋಲಿನ ಶಕ್ತೀಲಿ ಬಹುಪಾಲನ್ನ ಬಿಸಿ ಮಾಡಿ ಗಾಳಿಗೆ ಬಿಡುತ್ತೆ, ಬ್ಲೇಡ್ ತಿರುಗಿಸೋಕೆ ಹೋಗೋದು ಸ್ವಲ್ಪಾನೇ. ಮೋಟ್ರು ಹಾಗಲ್ಲ.

ಮತ್ತೆ ನಮ್ಮ ರಾಜ್ಯದ ಕರೆಂಟು ಪೂರ್ತಿ ಕಲ್ಲಿದ್ದಲಿಂದು ಅಲ್ವೇ ಅಲ್ಲ. ರಾಯಚೂರು 1720 ಮೆಗಾವ್ಯಾಟ್, ಬಳ್ಳಾರಿ 1700, ಯರಮರಸ್ 1600, ಇವು ಕಲ್ಲಿದ್ದಲು ಸರಿ. ಆದ್ರೆ ಶರಾವತಿ 1035, ಕೈಗಾ ಅಣುಸ್ಥಾವರ 880, ಪಾವಗಡದ ಸೋಲಾರ್ ಪಾರ್ಕ್ ಒಂದೇ 2050 ಮೆಗಾವ್ಯಾಟ್, ಜೊತೆಗೆ ಚಿತ್ರದುರ್ಗ, ಗದಗ ಕಡೆ ಗಾಳಿ ಯಂತ್ರ. ಒಟ್ಟು ಸಾಮರ್ಥ್ಯದಲ್ಲಿ ಅರ್ಧಕ್ಕಿಂತ ಜಾಸ್ತಿ ಬಿಸಿಲು, ಗಾಳಿ, ನೀರಿಂದೇ. ಸಾಮರ್ಥ್ಯ ಬೇರೆ, ದಿನಾ ಉತ್ಪಾದನೆ ಆಗೋದು ಬೇರೆ, ಅದನ್ನೂ ಹೇಳ್ಬಿಡ್ತೀನಿ. ಸಂಜೆ ಬಿಸಿಲು ಇಳಿದ ಮೇಲೆ ಕಲ್ಲಿದ್ದಲೇ ಕೈ ಹಿಡಿಯೋದು. 2023ರಲ್ಲಿ ಮಳೆ ಕೈಕೊಟ್ಟು ಅಕ್ಟೋಬರಲ್ಲಿ ಎಷ್ಟು ಒದ್ದಾಡಿದ್ವಿ ಅಂತ ನೆನಪಿರಬೇಕಲ್ಲ.

ಟೂ ಸ್ಟ್ರೋಕ್ ಬ್ರಷ್ ಕಟರ್ ಕಥೆ ಇನ್ನೂ ಕೆಟ್ಟದ್ದು. ಅದ್ರಲ್ಲಿ ಹೊಗೆ ಹೊರಗೆ ಹೋಗೋವಾಗ್ಲೇ ಹೊಸ ಪೆಟ್ರೋಲ್ ಗಾಳಿ ಒಳಗೆ ಬರೋದು, ಎರಡೂ ಬಾಗಿಲು ಒಟ್ಟಿಗೆ ತೆರೆದಿರುತ್ತೆ, ಹಾಗಾಗಿ ಹಾಕಿದ ಪೆಟ್ರೋಲಲ್ಲಿ ಕಾಲು ಭಾಗದ ಹತ್ತಿರ ಸುಡದೇನೇ ಸೈಲೆನ್ಸರಿಂದ ಆಚೆ ಹೋಗುತ್ತೆ, ಆಯಿಲ್ ಸಮೇತ. ಅದನ್ನ ಉಸಿರಾಡೋದು ರಾಯಚೂರಲ್ಲಿ ಅಲ್ಲ, ಮಷಿನ್ ಹೆಗಲಿಗೆ ಹಾಕ್ಕೊಂಡಿರೋ ನಿಮ್ಮ ಮಾಲಿ.

ಸಾಗರದವಳು

ಮೇಷ್ಟ್ರೇ ಲೆಕ್ಕ ಚೆನ್ನಾಗಿದೆ, ಆದ್ರೆ "ಶರಾವತಿ 1035" ಅಂತ ಒಂದು ನಂಬರ್ ಬರೆದು ಮುಂದೆ ಹೋದಾಗ ನಮಗೆ ಒಂಥರಾ ಸಂಕಟ ಆಗುತ್ತೆ. ನಮ್ಮ ಅಜ್ಜಿ ಮನೆ ಇದ್ದ ಊರು ಲಿಂಗನಮಕ್ಕಿ ಹಿನ್ನೀರಲ್ಲಿದೆ. 1964ರಲ್ಲಿ ಡ್ಯಾಮ್ ಆಯ್ತು, ತೋಟ ಗದ್ದೆ ಎಲ್ಲ ಬಿಟ್ಟು ಲಾರಿ ಹತ್ತಿ ಬಂದ್ರು. ಬೇಸಿಗೇಲಿ ನೀರು ತೀರಾ ಇಳಿದ್ರೆ ಮುಳುಗಿರೋ ಹಳೇ ಹಿರೇಭಾಸ್ಕರ ಡ್ಯಾಮ್ ನೀರಿಂದ ಮೇಲೆದ್ದು ಕಾಣುತ್ತೆ, ಅಮ್ಮ ಅಲ್ಲಿ ನಿಂತು ಕೈ ತೋರಿಸಿ "ಆ ಕಡೆ ನಮ್ಮ ಅಡಿಕೆ ತೋಟ" ಅಂತಿದ್ಲು, ನಮಗೆ ಬರೀ ಬಿರುಕು ಬಿಟ್ಟ ಕೆಸರು ಕಾಣ್ತಿತ್ತು. ಮುಳುಗಡೆ ಆದವರಲ್ಲಿ ಎಷ್ಟೋ ಮನೆಯವರು ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಿದಾರೆ.

ಈಗ ಅದೇ ಕಣಿವೇಲಿ 2000 ಮೆಗಾವ್ಯಾಟ್ ಪಂಪ್ಡ್ ಸ್ಟೋರೇಜ್ ಯೋಜನೆ. ಹಗಲು ಜಾಸ್ತಿ ಬರೋ ಸೋಲಾರ್ ಕರೆಂಟಲ್ಲಿ ಗೇರುಸೊಪ್ಪೆಯಿಂದ ತಲಕಳಲೆಗೆ ನೀರು ಎತ್ತೋದು, ರಾತ್ರಿ ಬಿಟ್ಟು ಕರೆಂಟ್ ತೆಗೆಯೋದು. ಸಿಂಗಳೀಕ ಇರೋ ಕಾಡು ಅದು. ಕ್ಲೀನ್ ಎನರ್ಜಿ ಅಂತ ಹೆಸರಿಟ್ಟು ಮತ್ತೆ ನಮ್ಮ ಕಾಡಿಗೇ ಕೊಡಲಿ ಯಾಕೆ ಅಂತ ಇಲ್ಲಿನವರು ವಿರೋಧ ಮಾಡ್ತಿರೋದು ಸುಮ್ನೆ ಅಲ್ಲ.

ಬ್ಯಾಟರಿ ಮಷಿನ್ ತಗೋಬೇಡಿ ಅಂತಿಲ್ಲ ನಾನು. ತಗೊಳ್ಳಿ. ಆದ್ರೆ ರಾತ್ರಿ ಚಾರ್ಜಿಗೆ ಹಾಕಿ ಮಲಗೋ ಅಭ್ಯಾಸ ಬೇಡ, ಮಧ್ಯಾಹ್ನ 11ರಿಂದ 3ರೊಳಗೆ ಹಾಕಿ. ಆಗ ಪಾವಗಡದ ಬಿಸಿಲು ಕೈ ತುಂಬ ಇರುತ್ತೆ. ರಾತ್ರಿಗೆ ಅಂತ ಕೂಡಿಡೋ ಕರೆಂಟು ಎಷ್ಟು ಕಮ್ಮಿ ಬೇಕಾಗುತ್ತೋ ನಮ್ಮ ಕಣಿವೆ ಮೇಲೆ ಅಷ್ಟು ಒತ್ತಡ ಕಮ್ಮಿ.

ಬೂದಿ_ಊರಾಂವ

ನಾನು ಥರ್ಮಲ್ ಇರೋ ಕಡಿ ಹುಟ್ಟಿ ಬೆಳದಾಂವ ರೀ, ಯಾವ ಊರು ಅಂತ ಬ್ಯಾಡ. ನಮ್ಮ ದೇಶದ ಕಲ್ಲಿದ್ದಲಿನ್ಯಾಗ ನೂರಕ್ಕ 30-40 ಪಾಲು ಬರೇ ಬೂದಿ. ಬ್ಯಾಸಗಿ ಗಾಳಿ ಬಿಟ್ಟಾಗ ಅವ್ವ ಒಣಗಿ ಹಾಕಿದ ಅರಬಿ ಝಾಡಿಸಿ ಮತ್ತೊಮ್ಮಿ ಒಗೀತಿದ್ಲು, ಹಪ್ಪಳ ಶಂಡಿಗಿ ಮಾಳಗಿ ಮ್ಯಾಲೆ ಒಣಾಕ ಹಾಕೋದ ಬಿಟ್ಟಿದ್ಲು. ಆ ಹಿರಿಯರು ಹೇಳಿದ ಮಾತು, ಹೊಗಿ ನಮ್ಮ ಕಡಿ ಕಳಸ್ತೀರಿ ಅನ್ನೋದು, ಅದನ್ನ ಬರೇ ವಾದ ಗೆಲ್ಲಾಕ ಹೇಳಬ್ಯಾಡ್ರಿ. ಖರೇನ ನಮ್ಮ ಬಗ್ಗೆ ಕಾಳಜಿ ಇದ್ರ ಅಪಾರ್ಟ್‌ಮೆಂಟಿನ ಮಾಳಗಿ ಮ್ಯಾಲೆ ಸೋಲಾರ್ ಹಾಕಸ್ರಿ. ಅರ್ಧ ಯೂನಿಟ್ ಮಷಿನ್ ಸಲುವಾಗಿ ಇಷ್ಟು ಚರ್ಚಾ ಮಾಡ್ತೀರಿ, ಲಿಫ್ಟು, ನೀರಿನ ಮೋಟ್ರು, ಕಾರಿಡಾರ್ ಲೈಟು, ಇವು ದಿನಾ ಎಷ್ಟು ಯೂನಿಟ್ ತಿಂತಾವ ಅನ್ನೋದೂ ನೋಡ್ರಿ.

ಗಿಡಗಳ_ಅಕ್ಕ

ಮೇಲಿನವರು ಮೋಟ್ರು ಅಂದಿದ್ದು ಒಳ್ಳೇದಾಯ್ತು, ನಾನು ಅದಕ್ಕೇ ಬರ್ತಿದ್ದೆ. ಲಾನಲ್ಲಿ ಕರೆಂಟ್ ತಿನ್ನೋದು ಮೂವರ್ ಅಲ್ಲ ರೀ, ನೀರು!

ನಿಮ್ಮ 370 ಚದರ ಮೀಟರಿಗೆ ದಿನಾ 5 ಮಿಲಿಮೀಟರ್ ನೀರು ಬಿಟ್ರೆ 1850 ಲೀಟರ್, ವಾರಕ್ಕೆ 13 ಸಾವಿರ ಲೀಟರ್ ಹತ್ತಿರ. ಕಾವೇರಿ ನೀರಾದ್ರೆ ಅದು ಸುಮಾರು 100 ಕಿಲೋಮೀಟರ್ ದೂರದಿಂದ ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಆಗಿ ಹೆಚ್ಚುಕಮ್ಮಿ 500 ಮೀಟರ್ ಮೇಲಕ್ಕೆ ಏರಿ ಬರೋದು. ಸಾವಿರ ಲೀಟರ್ ಅಷ್ಟು ಎತ್ತರ ಏರೋಕೆ 2 ಯೂನಿಟ್ ಹತ್ತಿರ ಬೇಕು. ಅಂದ್ರೆ ವಾರಕ್ಕೆ 25 ಯೂನಿಟ್ ನೀರಿಗೆ, ಅರ್ಧ ಯೂನಿಟ್ ಹುಲ್ಲು ಕಟ್ ಮಾಡೋಕೆ. ಬೋರ್ ನೀರೂ ಅಷ್ಟೇ, 5 ಎಚ್‌ಪಿ ಮೋಟ್ರು ಒಂದು ಗಂಟೆಗೆ 4 ಯೂನಿಟ್ ಮೇಲೆ ಎಳೆಯುತ್ತೆ. 2024ರ ಮಾರ್ಚಲ್ಲಿ ಕುಡಿಯೋ ನೀರು ಗಾರ್ಡನ್ನಿಗೆ ಬಿಟ್ರೆ 5000 ದಂಡ ಅಂತ ಜಲಮಂಡಳಿ ಆರ್ಡರ್ ಮಾಡ್ತಲ್ಲ, ಆವಾಗ ನಮ್ಮ ಬಿಲ್ಡಿಂಗಲ್ಲಿ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಪ್ಲಾಂಟ್) ನೀರಿಗೆ ಪೈಪ್ ಹಾಕಿದ್ವಿ, ಆವತ್ತಿಂದ ಲಾನಿಗೆ ಒಂದು ಬಕೆಟ್ ಒಳ್ಳೇ ನೀರು ಹೋಗಿಲ್ಲ. ವಾಸನೆ ಬರುತ್ತೆ ಅಂತ ಜನ ಹೆದರಿಸಿದ್ರು, ಪ್ಲಾಂಟ್ ಸರಿಯಾಗಿ ನಡೀತಿದ್ರೆ ಏನೂ ಬರಲ್ಲ.

ಹುಲ್ಲಿನ ವಿಷಯ. ತಾನಾಗೇ ಬೆಳ್ಕೊಂಡಿರೋ ಹುಲ್ಲು ಅಂದ್ರಲ್ಲ, ಬಗ್ಗಿ ನೋಡಿ, ಅದ್ರಲ್ಲಿ ಗರಿಕೆ ಇದ್ದೇ ಇರುತ್ತೆ. ಗಣೇಶನಿಗೆ ಏರಿಸೋ ಗರಿಕೆನೇ, ನರ್ಸರಿಯವರು ಬರ್ಮುಡಾ ಅಂತ ಮಾರೋದು ಅದರ ತಳಿಗಳನ್ನೇ. ಬಿಸಿಲಿದ್ರೆ ಸಾಕು ಅದಕ್ಕೆ, ಬೇಸಿಗೇಲಿ ಒಣಗಿ ಕಂದು ಬಣ್ಣ ಆದ್ರೂ ಬೇರು ಸಾಯಲ್ಲ, ಮೊದಲ ಮಳೆಗೆ ಚಿಗುರುತ್ತೆ. ಮೆಕ್ಸಿಕನ್ ಹೋದ ಜಾಗಕ್ಕೆ ಮತ್ತೆ ದುಡ್ಡು ಕೊಟ್ಟು ಮೆಕ್ಸಿಕನ್ ಹಾಕಿಸ್ಬೇಡಿ, ಗರಿಕೇನ ಬಿಡಿ. ಮತ್ತೆ ಬುಡಕ್ಕೆ ಬೋಳಿಸ್ಬೇಡಿ, ಎತ್ತರದಲ್ಲಿ ಮೂರನೇ ಒಂದು ಭಾಗ ಮಾತ್ರ ತೆಗೀರಿ, ಕಟ್ ಆದ ತುಂಡು ಅಲ್ಲೇ ಉದುರಲಿ, ಗೊಬ್ಬರ ಅದೇ. ಯೂರಿಯಾ ಎರಚಿ ಬೇಗ ಬೆಳೆಸಿ ಆಮೇಲೆ ವಾರ ವಾರ ಕಟ್ ಮಾಡೋದು ಯಾವ ಸುಖಕ್ಕೆ?

ಒಂದು ಮಾತು ಕೇಳ್ಲಾ? ಇಷ್ಟೆಲ್ಲ ಮಾತಾಡ್ತಿದೀವಲ್ಲ, ನಿಮ್ಮ ಮಾಲಿ ಅಣ್ಣನ ಕೇಳಿದ್ರಾ?

ಸ್ಯಾನ್‌ಹೋಸೆ_ಮೈಸೂರು

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ಜಗಳ ನಾವು ಆಡಿ ಆಗಿದೆ. 2021ರ ಅಕ್ಟೋಬರಲ್ಲಿ ಎಬಿ 1346 ಅಂತ ಕಾನೂನು ತಂದ್ರು, 2024ರ ಮಾಡೆಲಿಂದ ಹೊಸದಾಗಿ ತಯಾರಾಗೋ ಮೂವರ್, ಬ್ಲೋವರ್ (ಗಾಳಿ ಊದಿ ಎಲೆ ಗುಡಿಸೋದು) ಥರದ ಸಣ್ಣ ಎಂಜಿನ್ನಿನವು ಹೊಗೆ ಇಲ್ಲದ್ದೇ ಆಗಿರ್ಬೇಕು. ಹಳೇದು ಇದ್ರೆ ಉಪಯೋಗಿಸ್ಬಹುದು, ಯಾರೂ ಬಂದು ಕಿತ್ಕೊಳ್ಳಲ್ಲ. ಗಾಳಿ ಗುಣಮಟ್ಟದ ಇಲ್ಲಿನ ಮಂಡಳಿ ಕೊಟ್ಟ ಹೋಲಿಕೆ ಕೇಳಿ, ದೊಡ್ಡ ಪೆಟ್ರೋಲ್ ಬ್ಲೋವರ್ ಒಂದು ಗಂಟೆ ಓಡಿದ್ರೆ ಮಬ್ಬುಹೊಗೆ ಉಂಟುಮಾಡೋ ಮಾಲಿನ್ಯ 2017ರ ಕ್ಯಾಮ್ರಿ ಕಾರು 1100 ಮೈಲಿ ಓಡಿದಷ್ಟು. ಬೆಂಗಳೂರಿಂದ ಮುಂಬೈಗೆ ಹೋಗಿ ಮುಕ್ಕಾಲು ದಾರಿ ವಾಪಸ್ ಬಂದಷ್ಟು ದೂರ ಅದು. ಕಾರಿಗೆ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತೆ, ಇವುಗಳಲ್ಲಿ ಎಷ್ಟೋ ಮಷಿನ್ನಿಗೆ ಅದು ಇರಲ್ಲ, ಈ ವ್ಯತ್ಯಾಸಕ್ಕೆ ಅದೂ ಒಂದು ಕಾರಣ. ಇದು ಕಾರ್ಬನ್ ಡೈಆಕ್ಸೈಡಿನ ಲೆಕ್ಕ ಅಲ್ಲ, ಮೀಟಿಂಗಲ್ಲಿ ಎರಡನ್ನೂ ಕಲಸ್ಬೇಡಿ, ಅಲ್ಲೇ ಸಿಕ್ಕಾಕೊಳ್ತೀರಿ.

ಆದ್ರೆ ಇಲ್ಲಿ ಹೊಡೆತ ಬಿದ್ದಿದ್ದು ಯಾರಿಗೆ ಗೊತ್ತಾ, ದಿನಕ್ಕೆ ಹತ್ತು ಹದಿನೈದು ಮನೆ ಮಾಡೋ ಗಾರ್ಡನರ್‌ಗಳಿಗೆ. ಅವರಿಗೆ ಒಂದು ಬ್ಯಾಟರಿ ಸಾಕಾಗಲ್ಲ, ಟ್ರಕ್ಕಲ್ಲಿ ಏಳೆಂಟು ಬೇಕು, ಅಷ್ಟು ದುಡ್ಡು ಒಟ್ಟಿಗೆ ಎಲ್ಲಿಂದ ತರ್ತಾರೆ. ಸರ್ಕಾರ 3 ಕೋಟಿ ಡಾಲರ್ ಸಹಾಯಧನ ಇಟ್ಟಿತ್ತು, ಸಾಲದು ಅಂತ ಅವರು ಹೇಳಿದ್ದು ನ್ಯಾಯಾನೇ. ನಿಮ್ದು ಒಂದೇ ಲಾನು, ಮಷಿನ್ನೂ ಅಸೋಸಿಯೇಷನ್ನಿಂದು, ಆ ತೊಂದ್ರೆ ನಿಮಗಿಲ್ಲ.

ಹೆಬ್ಬಾಳ_ಮನೆ

ದುಡ್ಡು ಉಳಿಸೋಕೆ ವೈರಿರೋ ಎಲೆಕ್ಟ್ರಿಕ್ ಮೂವರ್ ತಗೊಳ್ಳೋಣ ಅಂತ ಯಾರಾದ್ರೂ ಅಂದ್ರೆ ಒಪ್ಕೋಬೇಡಿ ಪ್ಲೀಸ್. ನಮ್ಮನೇಲಿ ಇತ್ತು, ನಾನೇ ಹೊಡೀತಿದ್ದೆ, ಸಂಪಿಗೆ ಮರ ಸುತ್ತಿ ವಾಪಸ್ ತಿರುಗೋವಾಗ ವೈರು ಬ್ಲೇಡಿಗೆ ಸಿಕ್ಕಿ ಪಟ್ ಅಂತು, ಹುಲ್ಲು ಒದ್ದೆ ಬೇರೆ. ಆರ್‌ಸಿಸಿಬಿ (ಕರೆಂಟ್ ಸೋರಿದ್ರೆ ತಾನೇ ಆಫ್ ಆಗೋ ಸ್ವಿಚ್ಚು) ಟ್ರಿಪ್ ಆಯ್ತು, ಅದಿಲ್ಲ ಅಂದಿದ್ರೆ ಏನಾಗ್ತಿತ್ತೋ. ಆವಾಗ ನಮ್ಮ ಮಗಳು ಬರಿಗಾಲಲ್ಲಿ ಹಿಂದೇನೇ ನಿಂತಿದ್ಲು. ಮಾರನೇ ದಿನಾನೇ ಮಾರಿಬಿಟ್ಟೆ.

ಕನಕಪುರರೋಡ್_ಕಮಿಟಿ

ಎಲ್ರಿಗೂ ಥ್ಯಾಂಕ್ಸ್. ಗಿಡಗಳ ಅಕ್ಕ, ನಿಮ್ಮ ಕೊನೇ ಪ್ರಶ್ನೆ ಓದಿ ನಾಚ್ಕೆ ಆಯ್ತು, ನಿಜವಾಗ್ಲೂ ಕೇಳಿರ್ಲಿಲ್ಲ. ಇವತ್ತು ಬೆಳಗ್ಗೆ ಟೀ ತಗೊಂಡು ಹೋಗಿ ಜೊತೇಲಿ ಕೂತೆ. ಅವರು ರಾಮನಗರದ ಹತ್ತಿರದವರು, ಹನ್ನೊಂದು ವರ್ಷದಿಂದ ಇದೇ ಕೆಲಸ. ಕೈ ತೋರಿಸಿದ್ರು, ಎರಡು ಗಂಟೆ ಬ್ರಷ್ ಕಟರ್ ಹಿಡಿದ್ರೆ ಬೆರಳು ಜುಮ್ಮಂತ ಇರುತ್ತಂತೆ, "ರಾತ್ರಿ ಮುದ್ದೆ ಮುರಿಯೋವಾಗ್ಲೂ ಬಿಟ್ಟಿರಲ್ಲ ಸಾರ್" ಅಂದ್ರು. ಬಾಯಿಗೆ ಕಟ್ಕೊಳ್ಳೋ ಟವಲ್ಲು ಸಂಜೆ ಹೊತ್ತಿಗೆ ಆಯಿಲ್ ವಾಸನೆ. ಇದನ್ನೆಲ್ಲ ಯಾಕೆ ಹೇಳ್ಲಿಲ್ಲ ಅಂದ್ರೆ ಯಾರೂ ಕೇಳ್ಲಿಲ್ವಲ್ಲ ಅಂತಾರೆ.

ಇನ್ನೊಂದು ಹೇಳಿದ್ರು, ಹಿಂದುಗಡೆ ಕಾಂಪೌಂಡ್ ಪಕ್ಕದ ಭಾಗಕ್ಕೆ ಯಾವ ಮಗೂನೂ ಆಡೋಕೆ ಬರಲ್ಲ, ಅಲ್ಲಿ ದಿನಾ ನೀರು ಹಾಕಿ ಹುಲ್ಲು ಬೆಳೆಸಿ ಕಟ್ ಮಾಡೋ ಬದಲು ಕರಿಬೇವು, ನುಗ್ಗೆ, ನಿಂಬೆ ಹಾಕೋಣ್ವಾ ಅಂತ. ಅಳೆದು ನೋಡಿದೆ, 1500 ಚದರಡಿ ಹತ್ತಿರ ಬರುತ್ತೆ. ಅದು ಬಿಟ್ರೆ ಉಳಿಯೋ 2500ಕ್ಕೆ ಒಂದೇ ಬ್ಯಾಟರಿ ಸಾಕಾಗ್ಬೋದು, ಎರಡನೇ ಬ್ಯಾಟರಿ ಬೇಡ ಅಂದ್ರೆ ರೇಟು ಎಷ್ಟು ಇಳಿಯುತ್ತೆ ಅಂತ ಕೇಳಿದೀನಿ. ಅಂಚಿಗೆ ಬ್ಯಾಟರಿ ಟ್ರಿಮ್ಮರ್, ಅದೇ ಬ್ಯಾಟರಿ ಕೂರೋದು.

ಆ ಹಿರಿಯರ ಮನೆಗೂ ಹೋಗಿದ್ದೆ. ಮೇಷ್ಟ್ರ ಲೆಕ್ಕ ತೋರಿಸಿದೆ, ಪೆನ್ನು ತಗೊಂಡು ತಾವೇ ಮತ್ತೊಂದ್ ಸಲ ಹಾಕಿದ್ರು, ಅರ್ಧ ಯೂನಿಟ್ ಅನ್ನೋದನ್ನ ಮಾತ್ರ ಮೀಟರ್ ಇಟ್ಟು ನೋಡ್ದೆ ಒಪ್ಪಲ್ಲ ಅಂದ್ರು. ಅದೂ ಸರೀನೇ. ಅಂಗಡಿಯವರು ಭಾನುವಾರ ಡೆಮೊಗೆ ಮಷಿನ್ ತರ್ತಾರಂತೆ, ಪ್ಲಗ್ಗಿಗೆ ಹಾಕೋ ಸಣ್ಣ ಮೀಟರ್ ಒಂದು ತರಿಸಿದೀನಿ. ಮಧ್ಯಾಹ್ನಾನೇ ಚಾರ್ಜಿಗೆ ಹಾಕ್ತೀವಿ ಸಾಗರದವ್ರೇ. ರೀಡಿಂಗ್ ಬಂದ್ಮೇಲೆ ಇಲ್ಲೇ ಹಾಕ್ತೀನಿ.