ಅಜ್ಜ ಕುಡಿಯುತ್ತಿದ್ದದ್ದು ಒಂದೇ ಲೋಟ

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ 34 ಜನ ಇದ್ದೇವೆ. ಸಾಗರ, ಹಾಸನ, ಮೈಸೂರು, ಬೆಂಗಳೂರು. ಒಬ್ಬ ತಮ್ಮ ಟೆಕ್ಸಾಸ್‌ನಲ್ಲಿದ್ದಾನೆ. ಕಳೆದ ಏಪ್ರಿಲ್‌ನ ಒಂದು ಭಾನುವಾರ ಬೆಳಗ್ಗೆ 6:10ಕ್ಕೆ ದೊಡ್ಡಪ್ಪ ಒಂದು ಸಂದೇಶ ಕಳಿಸಿದರು. ಮೇಲೆ ಜೋಡಿ ಬಾಣದ ಗುರುತಿತ್ತು. ಅಂದರೆ ಎಷ್ಟೋ ಕೈ ದಾಟಿ ಬಂದದ್ದು. ಅವತ್ತಿನ ಮಾತುಕತೆಯನ್ನು ಮನೆಯವರನ್ನು ಕೇಳಿಕೊಂಡೇ ಇಲ್ಲಿ ಹಾಕುತ್ತಿದ್ದೇನೆ.

ಬಂದ ಸಂದೇಶ ಇದು: "ಎದ್ದ ಕೂಡಲೇ ಬರೀ ಹೊಟ್ಟೆಯಲ್ಲಿ 2 ಲೀಟರ್ ನೀರು ಕುಡಿಯಿರಿ. ದಿನಕ್ಕೆ 5 ಲೀಟರ್. ಉಪ್ಪು ಪೂರ್ತಿ ಬಿಡಿ. 21 ದಿನದಲ್ಲಿ ಹಾರ್ಮೋನು ಸಮತೋಲನಕ್ಕೆ ಬರುತ್ತದೆ, ಮುಪ್ಪು ನಿಲ್ಲುತ್ತದೆ. ಜಪಾನಿನ ವೈದ್ಯರು ಒಪ್ಪಿದ್ದಾರೆ. 10 ಜನರಿಗೆ ಕಳಿಸಿ."

ದೊಡ್ಡಪ್ಪ, 6:12: ಎಲ್ಲರೂ ಓದಿ. ನಾನು ಹತ್ತು ದಿನದಿಂದ ಮಾಡುತ್ತಿದ್ದೇನೆ. ಸಾಗರದ ತಂಗಿಗೂ ಫೋನಿನಲ್ಲಿ ಹೇಳಿದ್ದೆ. ಈಗಿನ ಮಕ್ಕಳಿಗೆ ನೀರು ಕುಡಿಯುವುದೇ ಗೊತ್ತಿಲ್ಲ. ನಮ್ಮ ಅಪ್ಪ 91 ವರ್ಷ ಬದುಕಿದ್ದು ಹೇಗೆ? ಎದ್ದ ಕೂಡಲೇ ಒಂದು ತಂಬಿಗೆ ನೀರು.

ಮೈಸೂರು ಚಿಕ್ಕಪ್ಪ, 6:31: ನಿಜ ಅಣ್ಣಾ. ಅಪ್ಪನಿಗೆ ಒಂದು ಮಾತ್ರೆ ಇರಲಿಲ್ಲ.

ಹಾಸನದ ಭಾವ, 7:05: ಮೂಲ ಎಲ್ಲಿ? ಯಾವ ಜಪಾನಿನ ವೈದ್ಯರು? ಹೆಸರು, ವರ್ಷ ಹಾಕಿ ದೊಡ್ಡಪ್ಪ.

ದೊಡ್ಡಪ್ಪ, 7:09: ಒಳ್ಳೆಯ ಮಾತಿಗೆ ಮೂಲ ಯಾಕೆ? ಕುಡಿದು ನೋಡಿ, ಗೊತ್ತಾಗುತ್ತದೆ.

ಹಾಸನದ ಭಾವ, 7:11: ಲೆಕ್ಕ ನೋಡುವವನು ನಾನು. ರಸೀದಿ ಇಲ್ಲದ್ದನ್ನು ಒಪ್ಪಲು ಬರುವುದಿಲ್ಲ.

ಚಿಕ್ಕಪ್ಪ, 7:14: ಹೋದ ಸಲ ಗೃಹಪ್ರವೇಶದ ಊಟದ ಪಂಕ್ತಿಯಲ್ಲೇ ಅಣ್ಣನ ಮಾತಿಗೆ ಹೀಗೆ ಅಡ್ಡ ಹಾಕಿದಿರಿ. ಅಣ್ಣ ಎಲೆ ಬಿಟ್ಟು ಎದ್ದುಬಿಟ್ಟರು. ನಾವೇನೂ ಮರೆತಿಲ್ಲ.

ಹಾಸನದ ಭಾವ, 7:16: ಅವತ್ತು ನಾನು ಕೇಳಿದ್ದು ಬೇಳೆಗೆ ಬಣ್ಣ ಹಾಕುತ್ತಾರೆ ಅನ್ನುವ ವಿಡಿಯೋ ಬಗ್ಗೆ. ಎದ್ದು ಹೋಗಿ ಅಂತ ನಾನು ಹೇಳಲಿಲ್ಲ.

ನೀರಿನ ಮಾತು ಇಲ್ಲಿಗೇ ಬಿಟ್ಟುಹೋಯಿತು. ಆಮೇಲೆ ಹದಿನೆಂಟು ಸಂದೇಶ ಬಂದವು. ಪಂಕ್ತಿಯಲ್ಲಿ ಯಾರು ಎಲ್ಲಿ ಕೂತಿದ್ದರು, ಹೋಳಿಗೆ ಬಡಿಸುವ ಮೊದಲು ಎದ್ದರೋ ಆಮೇಲೋ, ಎಲ್ಲವೂ ಚರ್ಚೆಯಾಯಿತು. ಅದರ ನಡುವೆ ಟೆಕ್ಸಾಸ್‌ನ ತಮ್ಮ ಬಂದ. ಅಲ್ಲಿ ಶನಿವಾರ ರಾತ್ರಿ.

ತಮ್ಮ, 8:02: ತಂಬಿಗೆ ಅಂದ ಕೂಡಲೇ ಹಿತ್ತಲ ಬಾವಿ ನೆನಪಾಯಿತು. ರಾಟೆಯ ಕಿರ್ ಕಿರ್ ಸದ್ದು ಈಗಲೂ ಕಿವಿಯಲ್ಲಿದೆ. ಬಿಸಿಲಲ್ಲಿ ಬಂದವರಿಗೆ ಅಜ್ಜಿ ಬೆಲ್ಲ, ನೀರು ಇಡುತ್ತಿದ್ದರು. ಆ ತಾಮ್ರದ ಕೊಡ ಈಗ ಯಾರ ಮನೆಯಲ್ಲಿದೆ?

ಚಿಕ್ಕಪ್ಪ, 8:04: ಒಳ್ಳೆಯ ಪ್ರಶ್ನೆ. ಪಾಲಾದಾಗ ಪಟ್ಟಿಯಲ್ಲಿ ಎರಡು ಕೊಡ ಇತ್ತು. ಸಿಕ್ಕಿದ್ದು ಒಂದು.

ದೊಡ್ಡಪ್ಪ, 8:05: ಯಾರನ್ನು ಹೇಳುತ್ತಿದ್ದೀಯಾ? ನೇರವಾಗಿ ಹೇಳು.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳುತ್ತೇನೆ. ಗುಂಪಿನಲ್ಲಿ ಮಾತಾಡುವುದು ಕಡಿಮೆ. ಆದರೆ ಅವತ್ತು ಆ ಸಂದೇಶದ ಒಂದು ಸಾಲು ನನ್ನನ್ನು ಕೂರಲು ಬಿಡಲಿಲ್ಲ. "ಉಪ್ಪು ಪೂರ್ತಿ ಬಿಡಿ." ನಮ್ಮ ಮನೆಯಲ್ಲಿ ಅದು ಆಗಿಹೋಗಿತ್ತು. ಹೇಳಿರಲಿಲ್ಲ, ಅಷ್ಟೇ. ಅಡುಗೆಮನೆಯಲ್ಲಿ ಅಮ್ಮನನ್ನು ಕೇಳಿದೆ. "ಬರಿ, ಇನ್ನು ಮುಚ್ಚಿಟ್ಟು ಏನು ಮಾಡುವುದು" ಅಂದರು.

ನಾನು, 8:40: ಕೊಡದ ವಿಷಯ ಆಮೇಲೆ ಮಾತಾಡೋಣ. ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ವರ್ಷ ಅಮ್ಮ ನಾಲ್ಕು ದಿನ ಐಸಿಯುನಲ್ಲಿದ್ದರು. ನಿಮಗೆಲ್ಲ ಜ್ವರ ಅಂತ ಹೇಳಿದ್ದೆವು. ಅದು ಜ್ವರ ಅಲ್ಲ. ಅಮ್ಮನಿಗೆ 71 ವರ್ಷ. ಬಿಪಿಗೆ ನೀರಿನ ಮಾತ್ರೆ, ಅಂದರೆ ಮೂತ್ರ ಜಾಸ್ತಿ ಮಾಡುವ ಮಾತ್ರೆ, ತೆಗೆದುಕೊಳ್ಳುತ್ತಿದ್ದರು. ಯಾರೋ ಹೇಳಿದರು ಅಂತ ಉಪ್ಪು ಬಿಟ್ಟು, ಗಂಜಿಯನ್ನೂ ಸಪ್ಪೆ ಕುಡಿದು, ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯುತ್ತಿದ್ದರು. ಒಂದು ಸೋಮವಾರ ಬೆಳಗ್ಗೆ ನನ್ನನ್ನು ತಮ್ಮ ತಂಗಿ ಅಂದುಕೊಂಡು ಮಾತಾಡಿಸಿದರು. ವಾಂತಿ ಮಾಡಿದರು. ನಡೆಯುವಾಗ ತೂರಾಡಿದರು. ಮೊದಲು ಹೋದ ಕಡೆ "ವಯಸ್ಸಾಯ್ತಲ್ಲ, ಮರೆವು" ಅಂದು ವಾಪಸು ಕಳಿಸಿದರು. ಎರಡನೇ ಕಡೆ ರಕ್ತ ಪರೀಕ್ಷೆ ಮಾಡಿಸಿದರು. ಸೋಡಿಯಂ, ಅಂದರೆ ರಕ್ತದಲ್ಲಿರುವ ಉಪ್ಪಿನ ಅಂಶ, 118. ಇರಬೇಕಾದದ್ದು 135ರಿಂದ 145.

ಐದು ನಿಮಿಷ ಗುಂಪು ಸುಮ್ಮನಿತ್ತು. ಆಮೇಲೆ ಬಂದ ಮೊದಲ ಮಾತು ಇದು.

ಚಿಕ್ಕಪ್ಪ, 8:46: ಐಸಿಯುನಲ್ಲಿ ಇದ್ದರೂ ನಮಗೆ ಹೇಳಲಿಲ್ಲವಾ? ನಾವು ಅಷ್ಟು ಹೊರಗಿನವರಾ?

ದೊಡ್ಡಪ್ಪ, 8:47: ಮೈಸೂರಿನಿಂದ ಬೆಂಗಳೂರಿಗೆ ಮೂರು ತಾಸು. ಒಂದು ಫೋನ್ ಮಾಡಬಹುದಿತ್ತು.

ಅವರ ನೋವು ನಿಜವಾದದ್ದೇ. ನಾನು ಕ್ಷಮೆ ಕೇಳಿದೆ. ಅಮ್ಮನೂ ದನಿ ಸಂದೇಶ ಕಳಿಸಿದರು, "ಭಾವ, ನಿಮ್ಮನ್ನೆಲ್ಲ ಗಾಬರಿ ಮಾಡುವುದು ಬೇಡ ಅಂತ ನಾನೇ ತಡೆದೆ" ಅಂತ. ಮತ್ತೆ ವಿಷಯಕ್ಕೆ ತಂದವರು ಹಾಸನದ ಭಾವ.

ಹಾಸನದ ಭಾವ, 9:03: ಅತ್ತೆಯವರು ಹುಷಾರಾದದ್ದು ದೊಡ್ಡದು. ಆದರೆ ನೀರು ಜಾಸ್ತಿಯಾದರೆ ಸೋಡಿಯಂ ಯಾಕೆ ಇಳಿಯುತ್ತದೆ? ಮೂತ್ರದಲ್ಲಿ ಹೋಗುವುದಿಲ್ಲವಾ? ನಿನಗೂ ಅದೇ ನಿಯಮ. ಮೂಲ ಬೇಕು.

ನಾನು, 9:20: ಹೋಗುತ್ತದೆ ಭಾವ. ಮೂತ್ರಪಿಂಡ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತದೆ. ಅದರಲ್ಲಿ ಹೊರಗೆ ಬಿಡುವುದು ಒಂದೂವರೆ, ಎರಡು ಲೀಟರ್. ಉಳಿದದ್ದೆಲ್ಲ ರಕ್ತಕ್ಕೆ ವಾಪಸು. ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಅಂತ ಹೇಳುವುದು ಒಂದು ಹಾರ್ಮೋನು. ಅದರ ಹೆಸರು ವ್ಯಾಸೊಪ್ರೆಸಿನ್. ಮಿದುಳಿನ ಹೈಪೊಥಲಾಮಸ್‌ನಲ್ಲಿ ರಕ್ತದ ಸಾಂದ್ರತೆಯನ್ನು ಅಳೆಯುವ ಕೋಶಗಳಿವೆ. ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೂ ಅವಕ್ಕೆ ತಿಳಿಯುತ್ತದೆ. ಆಗ ಬಾಯಾರಿಕೆ ಆಗುತ್ತದೆ, ಹಾರ್ಮೋನು ಸುರಿದು ಮೂತ್ರ ಕಡಿಮೆಯಾಗುತ್ತದೆ. ನೀರು ಜಾಸ್ತಿಯಾದರೆ ಹಾರ್ಮೋನು ನಿಲ್ಲುತ್ತದೆ, ತಿಳಿ ಮೂತ್ರ ಹೋಗುತ್ತದೆ. ಹರೆಯದವರಲ್ಲಿ ಇದು ಸಲೀಸು. ವಯಸ್ಸಾದ ಮೇಲೆ ಎರಡೂ ಕಡೆ ನಿಧಾನ. ಮೂತ್ರಪಿಂಡಕ್ಕೆ ನೀರು ಹಿಡಿದಿಡುವುದೂ ಕಷ್ಟ, ಬೇಗ ಹೊರಹಾಕುವುದೂ ಕಷ್ಟ. ಅಮ್ಮನ ಮಾತ್ರೆ ಥಯಾಜೈಡ್ ಜಾತಿಯದು. ಅದು ಉಪ್ಪನ್ನು ಹೊರಗೆ ಕಳಿಸುತ್ತದೆ, ಮೂತ್ರವನ್ನು ತಿಳಿ ಮಾಡುವ ಶಕ್ತಿಯನ್ನೂ ಕುಗ್ಗಿಸುತ್ತದೆ. ಒಳಗೆ ನೀರು ಉಳಿಯಿತು, ಉಪ್ಪು ಹೋಯಿತು. ರಕ್ತ ತೆಳುವಾದರೆ ನೀರು ಕೋಶಗಳ ಒಳಗೆ ನುಗ್ಗುತ್ತದೆ. ಮಿದುಳಿನ ಕೋಶಗಳೂ ಊದುತ್ತವೆ. ತಲೆಬುರುಡೆಯಲ್ಲಿ ಜಾಗ ಎಲ್ಲಿದೆ? ಅದಕ್ಕೇ ಅಮ್ಮ ನನ್ನನ್ನು ಗುರುತು ಹಿಡಿಯಲಿಲ್ಲ.

ನಾನು, 9:24: ಮೂಲ ಕೇಳಿದಿರಿ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಡಿದ 488 ಜನರ ರಕ್ತ ಪರೀಕ್ಷೆ ಮಾಡಿದರು. ನೂರಕ್ಕೆ 13 ಜನರ ಸೋಡಿಯಂ 135 ಅಥವಾ ಅದಕ್ಕಿಂತ ಕೆಳಗೆ ಇಳಿದಿತ್ತು. ಓಡುವಾಗ ಕುಡಿದು ಕುಡಿದು ತೂಕ ಏರಿದವರಲ್ಲೇ ಅದು ಜಾಸ್ತಿ. 2005ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಅವರು ಗಟ್ಟಿಮುಟ್ಟಾದ ಓಟಗಾರರು. ನಮ್ಮ ಮನೆಯ ಹಿರಿಯರು ಓಟಗಾರರಲ್ಲ.

ಭಾವ ಒಂದು ಹೆಬ್ಬೆರಳು ಹಾಕಿದರು. ದೊಡ್ಡಪ್ಪ ಸುಮ್ಮನಿದ್ದರು. ಚಿಕ್ಕಪ್ಪ ಎತ್ತಿದ ಪ್ರಶ್ನೆ ಮಾತ್ರ ನಿಜಕ್ಕೂ ಒಳ್ಳೆಯದಿತ್ತು.

ಚಿಕ್ಕಪ್ಪ, 9:41: ಬೇಸಿಗೆಯಲ್ಲಿ ವಯಸ್ಸಾದವರು ನೀರು ಕುಡಿಯದೆ ಬಿದ್ದುಹೋಗುತ್ತಾರೆ. ಬಾಯಾರಿಕೆ ಆಗದಿದ್ದರೂ ಕುಡಿಯಬೇಕು ಅಂತ ಡಾಕ್ಟರೇ ಹೇಳುತ್ತಾರೆ. ಅಣ್ಣ ಹೇಳಿದ್ದೂ ಅದೇ ಅಲ್ವಾ?

ನಾನು, 9:50: ಅರ್ಧ ನಿಜ ಚಿಕ್ಕಪ್ಪ. 1984ರಲ್ಲಿ ಆರೋಗ್ಯವಂತ ಗಂಡಸರಿಗೆ 24 ಗಂಟೆ ನೀರು ಕೊಡದೆ ನೋಡಿದರು. ಒಂದು ಗುಂಪು 20ರಿಂದ 31 ವರ್ಷದವರು, ಇನ್ನೊಂದು 67ರಿಂದ 75. ಹಿರಿಯರ ರಕ್ತ ಹೆಚ್ಚು ಗಟ್ಟಿಯಾಗಿದ್ದರೂ ಅವರಿಗೆ ಬಾಯಾರಿಕೆ ಅಷ್ಟಾಗಿ ಆಗಲಿಲ್ಲ. ಆಮೇಲೆ ನೀರು ಕೊಟ್ಟಾಗ ಕುಡಿದದ್ದೂ ಕಡಿಮೆ. ಅದಕ್ಕೇ ಬೇಸಿಗೆಯಲ್ಲಿ ನಾವೇ ನೆನಪು ಮಾಡಿ ಲೋಟ ಕೈಗೆ ಕೊಡಬೇಕು. ಆದರೆ ತಾಸಿಗೊಂದಿಷ್ಟು. ಒಂದೇ ಸಲ ಎರಡು ಲೀಟರ್ ಅಲ್ಲ. ಉಪ್ಪು ಪೂರ್ತಿ ಬಿಟ್ಟೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ. ಕಡಿಮೆ ಅಂದರೆ ಸೊನ್ನೆ ಅಲ್ಲ. ತೋಟದಿಂದ ಬಂದವರಿಗೆ ಅಜ್ಜಿ ಉಪ್ಪು ಹಾಕಿದ ಮಜ್ಜಿಗೆ ಯಾಕೆ ಕೊಡುತ್ತಿದ್ದರು? ಬೆವರಿನಲ್ಲಿ ಎರಡೂ ಹೋಗುತ್ತದೆ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರ ಲೆಕ್ಕ ಬೇರೆ. ಅವರು ಡಾಕ್ಟರನ್ನೇ ಕೇಳಬೇಕು.

ತಮ್ಮ, 9:52: ಅಕ್ಕಾ, ಆ ಮಜ್ಜಿಗೆಗೆ ನಿಂಬೆ ಎಲೆ ಹಾಕುತ್ತಿದ್ದರು. ಇಲ್ಲಿ ಎಷ್ಟು ಹುಡುಕಿದರೂ ಆ ವಾಸನೆ ಸಿಗುವುದಿಲ್ಲ.

ದೊಡ್ಡಪ್ಪ, 10:05: ಎಲ್ಲ ಸರಿ. ನೀವು ಓದಿದವರು. ಆದರೆ ನಮ್ಮ ಅಪ್ಪ ತಂಬಿಗೆ ನೀರು ಕುಡಿದು 91 ವರ್ಷ ಬದುಕಿದ್ದು ಸುಳ್ಳಾ? ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬೆಳಗ್ಗಿನಿಂದ ಒಂದು ಅಕ್ಷರವೂ ಬರೆಯದಿದ್ದ ಸಾಗರದ ಅತ್ತೆ ಆಗ ಬರೆದರು.

ಸಾಗರದ ಅತ್ತೆ, 10:11: ಅಣ್ಣಾ, ಅಪ್ಪ ಕುಡಿಯುತ್ತಿದ್ದದ್ದು ಒಂದೇ ಲೋಟ. ತಂಬಿಗೆಯಲ್ಲಿ ಉಳಿದದ್ದರಿಂದ ಬಾಯಿ ಮುಕ್ಕಳಿಸಿ, ಮುಖ ತೊಳೆದು, ಕೊನೆಯಲ್ಲಿ ತುಳಸಿಗೆ ಹೊಸ ನೀರು ತರಲು ನನ್ನ ಕೈಗೇ ಕೊಡುತ್ತಿದ್ದರು. ದಿನಾ ತಂದುಕೊಡುತ್ತಿದ್ದವಳು ನಾನು. ನೀನು ಏಳುತ್ತಿದ್ದದ್ದು ಏಳು ಗಂಟೆಗೆ.

ಅದಾದ ಮೇಲೆ ಚರ್ಚೆ ಏಳು ಗಂಟೆಗೆ ಯಾರು ಏಳುತ್ತಿದ್ದರು ಅನ್ನುವ ಕಡೆ ತಿರುಗಿತು. ಕೊಡವೂ ಮತ್ತೆ ಬಂತು. ನಾನು ಫೋನ್ ಪಕ್ಕಕ್ಕಿಟ್ಟೆ. ಆದರೆ 10:40ಕ್ಕೆ ಅತ್ತೆಯಿಂದ ನನಗೊಬ್ಬಳಿಗೇ ಒಂದು ಫೋಟೋ ಬಂತು. ಮಾತ್ರೆಯ ಪಟ್ಟಿ. ಕೆಳಗೆ ಹೀಗೆ ಬರೆದಿದ್ದರು: "ಇದು ನಿನ್ನ ಅಮ್ಮನ ಮಾತ್ರೆಯಂಥದ್ದಾ ನೋಡು ಮಗಾ. ಅಣ್ಣ ಹೇಳಿದ ಮೇಲೆ ಒಂಬತ್ತು ದಿನದಿಂದ ಉಪ್ಪು ಬಿಟ್ಟಿದ್ದೇನೆ. ನಿನ್ನೆಯಿಂದ ತಲೆ ಭಾರ. ನಡೆದರೆ ನೆಲ ಜಾರಿದ ಹಾಗೆ ಆಗುತ್ತದೆ."

ಪಟ್ಟಿಯ ಮೇಲೆ ಹೈಡ್ರೋಕ್ಲೋರೋಥಯಾಜೈಡ್ ಅಂತ ಇತ್ತು. ಅದೂ ಥಯಾಜೈಡ್ ಜಾತಿಯದೇ. ನನ್ನ ಕೈ ತಣ್ಣಗಾಯಿತು. "ಸಾಗರದ ತಂಗಿಗೂ ಫೋನಿನಲ್ಲಿ ಹೇಳಿದ್ದೆ" ಅಂತ ದೊಡ್ಡಪ್ಪ 6:12ಕ್ಕೇ ಬರೆದಿದ್ದರು. 34 ಜನರಲ್ಲಿ ಒಬ್ಬರೂ ಆ ಸಾಲಿನ ಹತ್ತಿರ ನಿಲ್ಲಲಿಲ್ಲ. ಅಮ್ಮನ ಕಥೆ ಬರೆಯುತ್ತಿದ್ದ ನಾನೂ ನಿಲ್ಲಲಿಲ್ಲ. ಅತ್ತೆಗೆ ಎಷ್ಟು ವಯಸ್ಸು, ಯಾವ ಮಾತ್ರೆ, ಹೇಗಿದ್ದಾರೆ ಅಂತ ಒಬ್ಬರೂ ಕೇಳಿರಲಿಲ್ಲ.

ಅತ್ತೆಯ ಮಗನಿಗೆ ಫೋನ್ ಮಾಡಿದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಈಗಲೇ ಡಾಕ್ಟರ ಹತ್ತಿರ ಹೋಗಿ, ಸೋಡಿಯಂ ನೋಡಿಸಿ ಅಂದೆ. ಮಧ್ಯಾಹ್ನದೊಳಗೆ ಫಲಿತಾಂಶ ಬಂತು. 127. ಆಸ್ಪತ್ರೆಯಲ್ಲಿ ಎರಡು ರಾತ್ರಿ ಇಟ್ಟುಕೊಂಡರು. ಇಳಿದ ಸೋಡಿಯಂ ಅನ್ನು ಒಮ್ಮೆಲೇ ಏರಿಸುವ ಹಾಗಿಲ್ಲ. ಬೇಗ ಏರಿಸಿದರೆ ಮಿದುಳಿನ ನರಗಳ ಹೊದಿಕೆಗೆ ಪೆಟ್ಟು ಬೀಳುತ್ತದೆ. ಅದಕ್ಕೇ ಕೆಲವು ತಾಸಿಗೊಮ್ಮೆ ರಕ್ತ ತೆಗೆದು ನೋಡುತ್ತಾ, ನಿಧಾನವಾಗಿ ಏರಿಸುತ್ತಾರೆ. ಅಮ್ಮನಿಗೂ ಹಾಗೇ ಮಾಡಿದ್ದರು. ಮಂಗಳವಾರ ಅತ್ತೆ ಮನೆಗೆ ಬಂದರು. ಬಿಪಿಗೆ ಬೇರೆ ಮಾತ್ರೆ ಕೊಟ್ಟಿದ್ದಾರೆ.

ಈ ಸಲ ಮುಚ್ಚಿಡಲಿಲ್ಲ. ಭಾನುವಾರ ಮಧ್ಯಾಹ್ನವೇ ಗುಂಪಿನಲ್ಲಿ ಹಾಕಿದೆವು. ಚಿಕ್ಕಪ್ಪ ಸಂಜೆಯ ರೈಲು ಹತ್ತಿದರು. ಹಾಸನದ ಭಾವ ಕಾರಿನಲ್ಲಿ ಹೋಗಿ ರಾತ್ರಿ ಆಸ್ಪತ್ರೆಯಲ್ಲಿ ಮಲಗಿದರು.

ದೊಡ್ಡಪ್ಪ ಗುಂಪಿನಲ್ಲಿ ಏನೂ ಬರೆಯಲಿಲ್ಲ. ಬುಧವಾರ ನನಗೆ ಫೋನ್ ಮಾಡಿದರು. ದನಿ ಇಳಿದಿತ್ತು. "ನಮ್ಮ ಗುಂಪಿನಿಂದ ಅಳಿಸಿದೆ ಮಗಳೇ. ಆದರೆ ನಿವೃತ್ತ ಶಿಕ್ಷಕರ ಗುಂಪಿಗೆ ಹತ್ತು ದಿನದ ಹಿಂದೆಯೇ ಕಳಿಸಿಬಿಟ್ಟಿದ್ದೇನೆ. ಅಲ್ಲಿ ಅಳಿಸಲು ಆಗುತ್ತಿಲ್ಲ" ಅಂದರು. ಅವಧಿ ಮುಗಿದಿದೆ, ಇನ್ನು ಎಲ್ಲರಿಗೂ ಅಳಿಸುವುದು ಆಗುವುದಿಲ್ಲ ಅಂತ ಹೇಳಿದೆ. ಒಂದು ಕ್ಷಣ ಸುಮ್ಮನಿದ್ದು, "ಹಾಗಾದರೆ ನಾನೇ ಬರೆಯುತ್ತೇನೆ. ನೀನು ಒಂದು ಸಲ ತಿದ್ದಿ ಕೊಡು" ಅಂದರು.

ಅವರು ಬರೆದದ್ದು ಹೀಗಿತ್ತು. ನಾನು ಒಂದಕ್ಷರ ತಿದ್ದಲಿಲ್ಲ. "ನಾನು ಕಳಿಸಿದ್ದ ನೀರಿನ ಸಂದೇಶ ತಪ್ಪು. ಅದನ್ನು ಕೇಳಿ ನನ್ನ ತಂಗಿ ಆಸ್ಪತ್ರೆ ಸೇರಿದ್ದಳು. ನಿಮ್ಮಲ್ಲಿ ಬಿಪಿಗೆ ನೀರಿನ ಮಾತ್ರೆ ತೆಗೆದುಕೊಳ್ಳುವವರು ಯಾರು ಯಾರು? ಕೈ ಎತ್ತಿ."

ರಾತ್ರಿ ಒಂಬತ್ತರೊಳಗೆ ಹದಿನಾಲ್ಕು ಜನ ಕೈ ಎತ್ತಿದ್ದರು. ದೊಡ್ಡಪ್ಪ ಒಬ್ಬೊಬ್ಬರಿಗೂ ಫೋನ್ ಮಾಡಿ, ಉಪ್ಪು ಬಿಟ್ಟಿದ್ದೀರಾ, ಎಷ್ಟು ನೀರು ಕುಡಿಯುತ್ತಿದ್ದೀರಿ ಅಂತ ಕೇಳಿ, ಹಾಜರಿ ಪುಸ್ತಕದ ಹಾಗೆ ಒಂದು ಹಾಳೆಯಲ್ಲಿ ಗೆರೆ ಎಳೆದು ಬರೆದುಕೊಂಡಿದ್ದರು. ಅದರಲ್ಲಿ ಮೂವರ ಹೆಸರಿನ ಮುಂದೆ ಕೆಂಪು ಗುರುತಿತ್ತು. ಮರುದಿನ ಬೆಳಗ್ಗೆ ಆ ಮೂವರ ಮನೆಗೂ ತಾವೇ ಹೋಗಿಬಂದರು.