ಸಹಾಯ ಬೇಕು: ಥ್ರೆಟ್ ಇಂಟೆಲಿಜೆನ್ಸ್ ಕೆಲಸಕ್ಕೆ ಮೊದಲು ಏನು ಕಲಿಯಬೇಕು?

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಎಸ್‌ಒಸಿಯಲ್ಲಿ (ಸೈಬರ್ ದಾಳಿಗಳ ಮೇಲೆ ಕಣ್ಣಿಡುವ ಕೇಂದ್ರ) ಅಲರ್ಟ್ ನೋಡುವ ಕೆಲಸ ಮಾಡುತ್ತಿದ್ದೇನೆ. ಸೈಬರ್ ಥ್ರೆಟ್ ಇಂಟೆಲಿಜೆನ್ಸ್, ಅಂದರೆ ದಾಳಿಕೋರರು ಯಾರು, ಹೇಗೆ ದಾಳಿ ಮಾಡುತ್ತಾರೆ ಅಂತ ಪತ್ತೆ ಹಚ್ಚುವ ಕೆಲಸದ ಕಡೆ ಹೋಗಬೇಕು ಅಂತ ತುಂಬಾ ಆಸೆ.

ಕಳೆದ ವಾರ ಒಂದು ಫಿಶಿಂಗ್ ಮೇಲ್ ಹಿಡಿದು ಕೂತೆ. ಲಿಂಕಿನ ಡೊಮೇನ್ ಹಿಂದಿನ ದಿನವಷ್ಟೇ ನೋಂದಣಿ ಆಗಿತ್ತು. ಅದೇ ಐಪಿ ವಿಳಾಸದಲ್ಲಿ ಇನ್ನೂ ನಾಲ್ಕು ನಕಲಿ ಲಾಗಿನ್ ಪುಟ ಸಿಕ್ಕವು. ದಾಳಿಯ ವಿಧಾನಗಳ ಪಟ್ಟಿಯಾದ ಮೈಟರ್ ಅಟ್ಯಾಕ್‌ನ ಟಿ1566 (ಫಿಶಿಂಗ್) ಅಂತ ಗುರುತು ಹಾಕಿದೆ. ಆದರೆ ಇದರ ಹಿಂದೆ ಯಾರಿರಬಹುದು, ಅವರು ಮುಂದೇನು ಮಾಡಬಹುದು ಅಂತ ಒಂದು ಪುಟ ಬರೆಯಲು ಹೋದರೆ ಕೈಯೇ ಓಡಲಿಲ್ಲ. ಐಪಿ, ಫೈಲಿನ ಬೆರಳಚ್ಚಿನಂಥ ಹ್ಯಾಶ್‌ಗಳನ್ನು ದಾಳಿಕೋರ ಸುಲಭವಾಗಿ ಬದಲಿಸುತ್ತಾನೆ. ಅವನು ದಾಳಿ ಮಾಡುವ ರೀತಿ ಹಿಡಿಯುವುದೇ ನಿಜವಾದ ಕೆಲಸ ಅಲ್ವಾ?

ಸೆಕ್ಯುರಿಟಿ ಪ್ಲಸ್ ಸರ್ಟಿಫಿಕೇಟ್ ಪರೀಕ್ಷೆ ಮುಗಿದಿದೆ. ಥ್ರೆಟ್ ಇಂಟೆಲಿಜೆನ್ಸ್‌ನ ಜಿಸಿಟಿಐ ಪರೀಕ್ಷೆಯ ಫೀಸು ನನಗೆ ಜಾಸ್ತಿ. ಮೊದಲು ಪೈಥಾನ್, ಯಾರಾ ರೂಲ್ (ಮಾಲ್‌ವೇರ್ ಗುರುತಿಸಲು ಬರೆಯುವ ನಿಯಮ) ಕಲಿಯಲಾ, ಇಲ್ಲ ವರದಿ ಬರೆದು ಅಭ್ಯಾಸ ಮಾಡಲಾ? ಈ ಕೆಲಸದಲ್ಲಿ ಇರುವವರು ದಯವಿಟ್ಟು ತಿಳಿಸಿ.