ಸಿಎ (ಚಾರ್ಟರ್ಡ್ ಅಕೌಂಟೆಂಟ್) ಅವರಿಗೆ ಕೇಳ್ರಿ: ನೌಕರಿ ಬಿಟ್ಟು ಮನಿಯಿಂದಲೇ ಆನ್‌ಲೈನ್ ದುಡಿಮೆ

ಹುಬ್ಬಳ್ಳಿ, ವಿದ್ಯಾನಗರ: ನಮಸ್ಕಾರ ಸರ್. ಕಂಪನಿ ಬಿಟ್ಟು ಮನ್ಯಾಗ ಕುಂತು ವೆಬ್‌ಸೈಟ್ ಮಾಡಿಕೊಡೋ ಕೆಲಸ ಹಿಡದೇನ್ರಿ. ಜಿಎಸ್‌ಟಿ ಈಗ್ಲೇ ಬೇಕೇನ್ರಿ?

ಸಿಎ: ನಮಸ್ಕಾರ. ಸೇವೆಗೆ ವರ್ಷದ ವಹಿವಾಟು ₹20 ಲಕ್ಷ ದಾಟುವವರೆಗೆ ನೋಂದಣಿ ಬೇಡ, ಗಿರಾಕಿ ಬೇರೆ ರಾಜ್ಯದವರಾದರೂ ಅಷ್ಟೇ. ಆದಾಯ ತೆರಿಗೆ ರಿಟರ್ನ್ ಮಾತ್ರ ಬಿಡಬೇಡಿ. ಮುಂದೆ ಸಾಲಕ್ಕೆ ಹೋದಾಗ ಬ್ಯಾಂಕಿನವರು ಸಂಬಳದ ಚೀಟಿ ಬದಲು ಅದನ್ನೇ ಕೇಳುತ್ತಾರೆ.

ಬ್ಯಾಡಗಿ: ಖಾರಪುಡಿ ಇನ್‌ಸ್ಟಾಗ್ರಾಮ್‌ನ್ಯಾಗ ಮಾರ್ತೇವ್ರಿ, ಪುಣೆಕ್ಕೂ ಪಾರ್ಸಲ್ ಹೋಗ್ತೈತಿ. ನಮಗೂ 20 ಲಕ್ಷದ ಲೆಕ್ಕನ ಹೌದಲ್ರಿ?

ಸಿಎ: ಅಲ್ಲ. ಸರಕು ರಾಜ್ಯದ ಗಡಿ ದಾಟಿದರೆ ಮೊದಲ ಪಾರ್ಸಲ್‌ನಿಂದಲೇ ನೋಂದಣಿ ಕಡ್ಡಾಯ. ಕರ್ನಾಟಕದೊಳಗೇ ಮಾರಿದರೆ ₹40 ಲಕ್ಷದವರೆಗೆ ಬೇಡ. ಪಾಕೀಟಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) 14 ಅಂಕಿ ಸಂಖ್ಯೆ ಇರಲೇಬೇಕು.

ಹಾವೇರಿ: ಗ್ರೂಪಿನ್ಯಾಗ ಬಂದದ್ದು: "ಯುಪಿಐ ಬಂದ್ ಮಾಡ್ರಿ, ರೊಕ್ಕ ಕೈಯಾಗ ತಗೋರಿ, ತೆರಿಗಿ ಬೀಳಂಗಿಲ್ಲ. ಎಲ್ಲಾರಿಗೂ ಕಳಸ್ರಿ."

ಸಿಎ: 2025ರ ಜುಲೈದಲ್ಲಿ ಯುಪಿಐ ವಹಿವಾಟು ನೋಡಿ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಾಗಲೂ ಇಂಥವೇ ಓಡಾಡಿದವು. ಸುಳ್ಳು. ಸಣ್ಣ ವ್ಯಾಪಾರಿ ಅಂದಾಜು ಲಾಭದ ಮೇಲೆ ರಿಟರ್ನ್ ಹಾಕುವಾಗ ಬ್ಯಾಂಕಿಗೆ ಬಂದ ವಹಿವಾಟಿಗೆ 6%, ನಗದಿಗೆ 8% ಲಾಭ ತೋರಿಸಬೇಕು. ನಗದು ಹಿಡಿದವರಿಗೇ ಭಾರ ಹೆಚ್ಚು.

ಗದಗ, ಬೆಟಗೇರಿ: ಸರ್, ಖಾಸಗಿ ಶಾಲಿ ಟೀಚರ್ ಇದ್ದೇನ್ರಿ, 4 ವರ್ಷ 10 ತಿಂಗಳಾತು. ಡೇಟಾ ಎಂಟ್ರಿ ಕೆಲಸ ಸಿಕ್ತಂತ ರಾಜೀನಾಮೆ ಕೊಟ್ಟೆ, ಇನ್ನೂ ಮಂಜೂರ್ ಆಗಿಲ್ಲ. ₹2,500 ಕಟ್ಟಿಸ್ಕೊಂಡು 600 ಫಾರ್ಮ್ ತುಂಬಿಸಿದ್ರು. ಈಗ ಕ್ಯೂಸಿ (ಕೆಲಸದ ಗುಣಮಟ್ಟ ಪರೀಕ್ಷೆ) ಫೇಲ್, ಕರಾರು ಮುರದೀರಿ, ಇವತ್ತು 5ರೊಳಗ ₹48,000 ಕಟ್ರಿ, ಇಲ್ಲಂದ್ರ ಕೇಸ್ ಅಂತ ವಕೀಲರ ಹೆಸರಿನ್ಯಾಗ ವಾಟ್ಸಾಪ್ ಬಂದೈತ್ರಿ. ಆಧಾರ್, ಪ್ಯಾನ್ ಅವರ ಹತ್ರ ಅದಾವ.

ಸಿಎ: ಮೇಡಂ, ಒಂದು ರೂಪಾಯಿ ಕಟ್ಟಬೇಡಿ. ಉಳಿದವರು ಸ್ವಲ್ಪ ತಡೀರಿ.

ಆ ಕೆಲಸ ಕೊಡುವುದೇ ಫೇಲ್ ಮಾಡಲಿಕ್ಕೆ. ಚಿತ್ರ ಮಸುಕು, ಸೊನ್ನೆಯೋ ಇಂಗ್ಲಿಷಿನ ಓ ಅಕ್ಷರವೋ, ಅಂಕಿ ಒಂದೋ ಇಂಗ್ಲಿಷಿನ ಸಣ್ಣ ಎಲ್ (l) ಅಕ್ಷರವೋ ಗುರುತೇ ಸಿಗುವುದಿಲ್ಲ. ಅದರ ಮೇಲೆ ನೂರಕ್ಕೆ 95 ಸರಿ ಇರಬೇಕೆಂಬ ಷರತ್ತು. ನಿಜವಾಗಿ ದಾವೆ ಹೂಡಿದ್ದರೆ ಪ್ರಕರಣ ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ, ಇ-ಕೋರ್ಟ್ಸ್ ಜಾಲತಾಣದಲ್ಲಿ ಹಾಕಿ ನೋಡಬಹುದು. ಅದನ್ನು ಕೇಳಿದರೆ ಇಂಥವರು ಕೊಡುವುದಿಲ್ಲ.

ಈಗಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಕಟ್ಟಿದ ₹2,500ರ 12 ಅಂಕಿಯ ಯುಟಿಆರ್ (ಪಾವತಿಯ ಗುರುತಿನ ಸಂಖ್ಯೆ), ಅವರ ಯುಪಿಐ ಐಡಿ, ತಾರೀಖು ಎದುರಿಗಿರಲಿ. ಚಾಟ್ ಅಳಿಸಬೇಡಿ, ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು, ಕಣ್ಣಿನ ಗುರುತು) ಲಾಕ್ ಮಾಡಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ಸರ್ಕಾರದ ಸಂಚಾರ ಸಾಥಿ ಜಾಲತಾಣದಲ್ಲಿ ನೋಡಿ. ಸಿಬಿಲ್ ವರದಿ (ನಿಮ್ಮ ಹೆಸರಿನ ಸಾಲಗಳ ಪಟ್ಟಿ) ಈಗೊಮ್ಮೆ, ಆಮೇಲೆ ಎರಡು ತಿಂಗಳಿಗೊಮ್ಮೆ ತೆಗೆಯಿರಿ. ಪ್ಯಾನ್ ಹಿಡಿದು ಸಾಲ ಎತ್ತಿದ್ದರೆ ಅಲ್ಲಿ ಸಿಗುತ್ತದೆ.

ಇನ್ನು ಶಾಲೆ. ಖಾಸಗಿ ಶಿಕ್ಷಕರಿಗೂ ಗ್ರಾಚುಟಿ (ಕೆಲಸ ಬಿಡುವಾಗ ಸಿಗುವ ಇಡಿಗಂಟು) ಉಂಟು, ಸಾಮಾನ್ಯವಾಗಿ 5 ವರ್ಷ ತುಂಬಬೇಕು. ತಿಂಗಳಿಗೆ ಮೂಲವೇತನ, ಡಿಎ (ತುಟ್ಟಿಭತ್ಯೆ) ಸೇರಿ ₹18,000 ಎಂದಿಟ್ಟುಕೊಂಡರೆ 18,000ವನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ 5ರಿಂದ ಗುಣಿಸಿ: ₹51,923. ಎರಡು ತಿಂಗಳಿಗಾಗಿ ಅದನ್ನು ಬಿಡುತ್ತೀರಾ? ಮಂಜೂರಾಗುವ ಮೊದಲೇ, ರಾಜೀನಾಮೆ ಹಿಂದಕ್ಕೆ ಪಡೆಯುತ್ತೇನೆಂದು ಇವತ್ತೇ ಬರೆದುಕೊಡಿ.

ಲಕ್ಷ್ಮೇಶ್ವರ: ಆನ್‌ಲೈನ್ ಟ್ಯೂಷನ್‌ಗೆ ಜಿಎಸ್‌ಟಿ ಬೇಕೇನ್ರಿ?

ಸಿಎ: ಅದೂ ಸೇವೆ. ಮೇಲೆ ಓದಿ.

ನವಲಗುಂದ: ಮನ್ಯಾಗ ಕೆಲಸ ಮಾಡಿದ್ರ ಕರೆಂಟ್ ಮೀಟರ್ ಕಮರ್ಷಿಯಲ್ ಮಾಡಿಸ್ಬೇಕೇನ್ರಿ?

ಹಾವೇರಿ: ಓದಿದ ಟೀಚರ‍್ರು ರೊಕ್ಕ ಕಟ್ಟಿ ಕೆಲಸ ತಗೊಂಡ್ರ ಯಾರೇನು ಮಾಡ್ಬೇಕ್ರಿ?

ವಿದ್ಯಾನಗರ: ಅಣ್ಣಾರ, ಸುಳ್ಳು ಫಾರ್ವರ್ಡ್ ಹಾಕಿದವ್ರು ನೀವ. ಅಕ್ಕಾರಿಗೆ ಬುದ್ಧಿ ಹೇಳೋದು ಬ್ಯಾಡ.

ಹಾವೇರಿ: ಬಂದದ್ದು ಕಳಸೀನಿ, ನಾ ಬರದಿಲ್ಲ.

ವಿದ್ಯಾನಗರ: ಓದದ ಯಾಕ ಕಳಸ್ತೀರಿ ಮತ್ತ?

ರಾಣೆಬೆನ್ನೂರು: ನಿಮ್ಮ ಜಗಳ ಆಮ್ಯಾಲೆ ಮಾಡ್ರಿ. ಸರ್, ಬ್ಯಾಂಕಿನ ಕರೆಂಟ್ ಅಕೌಂಟ್ ಬಳಸ್ಲಿಕ್ಕೆ ಕೊಟ್ರ ತಿಂಗಳಿಗೆ ₹20,000 ಕೊಡ್ತೇವಿ ಅಂತಾರ. ಮನ್ಯಾಗ ಕುಂತ ಆದಾಯ.

ಸಿಎ: ಕದ್ದ ಹಣ ದಾಟಿಸಲು ಬೇಕಾದ ಖಾತೆ ಅದು. ಪೊಲೀಸರು ಮೊದಲು ಬರುವುದು ನಿಮ್ಮ ಬಾಗಿಲಿಗೆ. ಪಾಸ್‌ಬುಕ್, ಸಿಮ್, ಎಟಿಎಂ ಏನೂ ಕೊಡಬೇಡಿ.

ಕುಂದಗೋಳ: 3 ವರ್ಷದ ಪಿಎಫ್ ಪೂರಾ ತಗದು ಲ್ಯಾಪ್‌ಟಾಪ್ ತಗೊಳ್ಳಲೇನ್ರಿ?

ಸಿಎ: 5 ವರ್ಷದ ಸೇವೆ ಆಗದೆ ತೆಗೆದರೆ ತೆರಿಗೆ ಬೀಳುತ್ತದೆ. ಬೇಡ.

ನವಲಗುಂದ: ಮೀಟರಿಂದು ಯಾರೂ ಹೇಳ್ಲಿಲ್ಲಲ್ರಿ.

ಶಿಗ್ಗಾವಿ: ಜಿಎಸ್‌ಟಿ ಎಷ್ಟರ ಮ್ಯಾಲೆ ಬೇಕ್ರಿ?

ಸಿಎ: ನಾಲ್ಕನೇ ಸಲ. ಉತ್ತರ ಮೇಲಿದೆ. ಬೆಟಗೇರಿ ಮೇಡಂ, 1930ಕ್ಕೆ ಮಾಡಿದಿರಾ?

ಗದಗ, ಬೆಟಗೇರಿ: ಮಾಡಿದೆ ಸರ್, ದೂರಿನ ನಂಬರ್ ಮೆಸೇಜ್ ಬಂತು. ಶಾಲಿಗೂ ಪತ್ರ ಕೊಟ್ಟು ಬಂದೆ.

ಸಿಎ: ನಿಮ್ಮ ಪ್ರತಿಯ ಮೇಲೆ ಶಾಲೆಯ ಸೀಲು, ತಾರೀಖು ಇದೆಯಾ? ಇಲ್ಲದಿದ್ದರೆ ಬಾಗಿಲು ಹಾಕುವ ಮೊದಲು ಹೋಗಿ ಹಾಕಿಸಿಕೊಂಡು ಬನ್ನಿ.